ಬಗ್ಗದ ಮಂಡಿ, ಉದ್ದನೆಯ ಕಲ್ಲು

ನನ್ನ ಎಡಮಂಡಿ ಪೂರ್ತಿ ಬಗ್ಗುವುದಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಎರಡು ವರ್ಷ ಇದನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದೆ. ಮೆಟ್ಟಿಲು ಹತ್ತುವಾಗ ಫೋನು ಬಂದವನ ಹಾಗೆ ಅರ್ಧದಲ್ಲಿ ನಿಲ್ಲುವುದು, ಪಂಕ್ತಿಯಲ್ಲಿ ನೆಲಕ್ಕೆ ಕೂರಿಸುವ ಮನೆಗಳಲ್ಲಿ 'ಈಗ ತಾನೇ ಉಂಡು ಬಂದೆ' ಅನ್ನುವುದು, ಹೀಗೆ ನೂರೆಂಟು ನಾಟಕ. ಭೂವಿಜ್ಞಾನದ ಮೇಷ್ಟ್ರಿಗೆ ಮಂಡಿ ಬಗ್ಗದಿದ್ದರೆ ಹೇಗೆ? ಅವನ ಪಾಠವೆಲ್ಲ ಇರುವುದು ನೆಲದಲ್ಲಿ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕು ತನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಳ್ಳುತ್ತದಂತೆ. ನಾನೂ ಹಾಗೇ ಅಂದುಕೊಂಡಿದ್ದೆ. ಅದರ ಕಷ್ಟ ಉಂಡದ್ದು ಮಾತ್ರ ನನ್ನ ಸಂಶೋಧನಾ ವಿದ್ಯಾರ್ಥಿನಿ.

ಅವಳು ಚನ್ನಗಿರಿ ತಾಲ್ಲೂಕಿನ ನಲ್ಲೂರಿನವಳು. ವಾರದಲ್ಲಿ ಮೂರು ದಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಉಳಿದ ದಿನ ನನ್ನ ಬಳಿ ಪಿಎಚ್‌ಡಿ. ನೋಂದಣಿಯ ಅವಧಿಯನ್ನು ಒಂದು ಸಲ ವಿಸ್ತರಿಸಿಯಾಗಿತ್ತು, ಇನ್ನೊಂದು ಸಲ ವಿಸ್ತರಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಬರುವ ಡಿಸೆಂಬರಿನೊಳಗೆ ಪ್ರಬಂಧ ಸಲ್ಲಿಸದಿದ್ದರೆ ಐದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತಿತ್ತು. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವಳ ವಿಷಯ, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಈ ನಾಡಿನಲ್ಲಿದ್ದ ಒಂದು ಸಮುದ್ರದ ದಂಡೆ. ನಾವು ಬಾಡಿಗೆಗೆ ಹಿಡಿಯುತ್ತಿದ್ದ ಜೀಪಿನ ಡ್ರೈವರ್ ಹೊನ್ನಾಳಿಯವನು, ಬಾಯಿ ಚುರುಕು. "ಸಮುದ್ರ ನೋಡಾಕೆ ಜನ ಎಲ್ಲಾ ಕಾರವಾರಕ್ಕೆ ಹೋಗ್ತಾರೆ. ಸಮುದ್ರ ಹುಡುಕ್ಕಂಡು ಹೊನ್ನಾಳಿಗೆ ಬಂದೋರು ನೀವೇ ಮೊದ್ಲು ನೋಡ್ರಿ ಸಾರ್" ಅಂತ ಮೊದಲ ದಿನವೇ ನಮ್ಮನ್ನು ರೇಗಿಸಿದ್ದ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಭೂಮಿಯ ಮೈಯಲ್ಲಿ ಬಿರುಕು ಬಿದ್ದು ಒಂದು ಮಗ್ಗುಲು ಮೇಲೆದ್ದರೆ ಅಲ್ಲಿ ಬೆಟ್ಟವಾಗುತ್ತದೆ, ಇನ್ನೊಂದು ಮಗ್ಗುಲು ಕುಸಿದು ಅಲ್ಲಿಗೆ ನೀರು ನುಗ್ಗುತ್ತದೆ. ಮಳೆ ಬೆಟ್ಟವನ್ನು ಒಡೆಯುತ್ತದೆ, ಹೊಳೆಗಳು ಆ ಚೂರುಗಳನ್ನು ಉರುಳಿಸಿಕೊಂಡು ಕೆಳಗೆ ತರುತ್ತವೆ. ದಪ್ಪ ಕಲ್ಲುಗಳು ಬೆಟ್ಟದ ಬುಡದಲ್ಲೇ ನಿಲ್ಲುತ್ತವೆ. ಸಣ್ಣವು ಮುಂದೆ ಹೋಗುತ್ತವೆ, ಮರಳು ದಂಡೆ ಮುಟ್ಟುತ್ತದೆ, ಕೆಸರು ಸಮುದ್ರದೊಳಗೆ ಇಳಿಯುತ್ತದೆ. ಕಾಲಾಂತರದಲ್ಲಿ ಎಲ್ಲವೂ ಗಟ್ಟಿಯಾಗಿ ಬಂಡೆಯಾಗುತ್ತದೆ. ಗುಂಡುಕಲ್ಲುಗಳು ಶೇಂಗಾ ಚಿಕ್ಕಿಯ ಬೀಜಗಳ ಹಾಗೆ ಕೂತಿರುವ ಈ ಬಂಡೆಗೆ ನಾವು ಕಾಂಗ್ಲಾಮರೇಟ್ ಅನ್ನುತ್ತೇವೆ. ಆ ಬಂಡೆ ಸಿಕ್ಕ ಕಡೆಯಲ್ಲೆಲ್ಲ ಕಲ್ಲುಗಳ ಗಾತ್ರ ಅಳೆಯುತ್ತ ಹೋದರೆ, ಗಾತ್ರ ಹೆಚ್ಚುವ ದಿಕ್ಕಿನಲ್ಲಿ ಆ ಕಾಲದ ಬೆಟ್ಟ ಮತ್ತು ಬಿರುಕು ಇದ್ದವು ಎಂದು ಹೇಳಬಹುದು.

ಪಶ್ಚಿಮದಿಂದ ಪೂರ್ವಕ್ಕೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು. ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು ಬಂಡೆಯ ತಾಣಗಳನ್ನು ಗುರುತು ಹಾಕಿಕೊಂಡಿದ್ದೆವು. ಬೆಟ್ಟ ಪೂರ್ವಕ್ಕೆ, ಅಂದರೆ ಜಗಳೂರಿನ ಆಚೆಗಿತ್ತು ಎನ್ನುವುದು ನನ್ನ ಊಹೆ. ಊಹೆ ಎಂದು ಈಗ ಬರೆಯುತ್ತಿದ್ದೇನೆ. ಆಗ ಅದು ನನಗೆ ಕಣ್ಣಾರೆ ಕಂಡಷ್ಟೇ ಖಚಿತವಾಗಿತ್ತು, ಎರಡು ಕಡೆ ಭಾಷಣದಲ್ಲಿ ಹೇಳಿಯೂ ಆಗಿತ್ತು.

ಕೆಲಸದ ಕ್ರಮ ಸರಳ. ಒಂದು ತಾಣದಲ್ಲಿ ಹಗ್ಗ ಹಿಡಿದು ಒಂದು ಮೀಟರ್ ಚೌಕ ಮಾಡಬೇಕು. ಅದರೊಳಗಿನ ಹತ್ತು ಅತಿ ದೊಡ್ಡ ಕಲ್ಲುಗಳನ್ನು ಆರಿಸಿ, ಚಾಕ್‌ಪೀಸಿನಲ್ಲಿ ಸಂಖ್ಯೆ ಹಾಕಿ, ಒಂದೊಂದರ ಉದ್ದ ಅಳೆದು ಬರೆದುಕೊಳ್ಳಬೇಕು. ಒಂದು ತಾಣಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ. ನ್ಯಾಮತಿ, ಹೊನ್ನಾಳಿಯ ತಾಣಗಳನ್ನೆಲ್ಲ ಅವಳೇ ಮಾಡಿದಳು. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಮಂಡಿಯ ಕೆಳಗೆ ಹಾಕಿಕೊಂಡು, ಹಾಸುಬಂಡೆಯ ಮೇಲೆ ಅಂಬೆಗಾಲಿಕ್ಕುತ್ತ ಅಳೆಯುತ್ತಿದ್ದಳು. ನಾನು ಒಂದು ದಿನ ನೋಡಲು ಹೋಗಿದ್ದೆ. ಜೀಪಿನಿಂದ ಇಳಿದು, ಬಾಗಿಲು ಹಿಡಿದು ನಿಂತು, "ಚೆನ್ನಾಗಿದೆ, ಮುಂದುವರಿಸು" ಅಂದು ಬಂದೆ.

ಪೂರ್ವದ ತಾಣಗಳನ್ನು ನಾನೇ ಅಳೆಯುತ್ತೇನೆ ಎಂದು ಹೊರಟೆ. ನನ್ನ ಬೆಟ್ಟ ಇರುವುದು ಆ ಕಡೆ, ಬೇರೆಯವರ ಕೈಗೆ ಹೇಗೆ ಕೊಡಲಿ? ಅವಳನ್ನು ಬರೆದುಕೊಳ್ಳಲು ಕರೆದೊಯ್ದೆ. ನವೆಂಬರ್ ತಿಂಗಳು. ಚನ್ನಗಿರಿ ಹತ್ತಿರ ಬಂಡೆ ಕಡಿದು ಮಾಡಿದ ಒಂದು ಕಾಲುವೆ ಇದೆ. ತಳದಲ್ಲಿ ನೀರು ಹರಿಯುತ್ತಿತ್ತು. ನೀರಿನ ಮೇಲೆ ಗೋಡೆಯ ಹಾಗೆ ನಿಂತ ಬಂಡೆಯ ಮುಖ, ಸರಿಯಾಗಿ ನನ್ನ ಎದೆಯ ಮಟ್ಟಕ್ಕೆ. ನಿಂತುಕೊಂಡೇ ಅಳೆದೆ. ಉದ್ದುದ್ದನೆಯ ಚೆಂದದ ಕಲ್ಲುಗಳು. ಹತ್ತು ಹೆಜ್ಜೆ ಆಚೆಗೆ, ದಂಡೆಯ ಮೇಲೆ, ಅದೇ ಬಂಡೆ ಹಾಸಿಕೊಂಡೂ ಇತ್ತು.

"ಸರ್, ಹಾಸಿನ ಮ್ಯಾಲೂ ಒಂದ್ಸಲ ಅಳೀಲಾ?" ಅಂದಳು.

"ಯಾಕಮ್ಮ? ಕಣ್ಣೆದುರಿಗೆ ಇಷ್ಟು ತಾಜಾ ಕಡಿದ ಮುಖ ಇರುವಾಗ ಅದು ಬೇಡ. ಹಾಸು ಸವೆದಿರುತ್ತೆ" ಅಂದೆ. ಮಾತು ಶಾಸ್ತ್ರೀಯವಾಗಿಯೇ ಕೇಳಿಸುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ಅದು ಅಕ್ಷರಶಃ ನಿಜ.

ಮಾರನೆಯ ದಿನ ಜಗಳೂರು ತಾಲ್ಲೂಕಿನ ಸೊಕ್ಕೆ. ಅಲ್ಲಿನ ತಾಣ ಒಬ್ಬ ಹೆಂಗಸಿನ ಹೊಲದ ಅಂಚಿನಲ್ಲಿತ್ತು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅಗಲವಾದ ಹಾಸುಬಂಡೆಯ ತುಂಬ ಅವಳು ಮೆಕ್ಕೆಜೋಳ ಒಣಹಾಕಿ, ಕಾಲಿನಲ್ಲಿ ಗೆರೆ ಎಳೆಯುತ್ತ ತಿರುವಿಹಾಕುತ್ತಿದ್ದಳು. ಬಂಡೆ ಒಂದು ಕಡೆ ಕಡಿದು ಆಳುದ್ದ ಕೆಳಗಿಳಿದಿತ್ತು. ಜೋಳ ನೋಡಿದ ಕೂಡಲೇ ನನಗೆ ಒಳಗೊಳಗೇ ಆದ ಸಮಾಧಾನ ಇನ್ನೂ ನೆನಪಿದೆ. ನೆಪ ಹುಡುಕುವ ಕೆಲಸವೂ ತಪ್ಪಿತಲ್ಲ! "ಪಾಪ, ಅವರ ಜೋಳ ಯಾಕೆ ಕೆದಕೋದು" ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿ, ಕೆಳಗಿನಿಂದ ಸುತ್ತಿಕೊಂಡು ಹೋಗಿ, ನೆಟ್ಟಗೆ ನಿಂತ ಮುಖವನ್ನು ಅಳೆದೆ. ಅಲ್ಲಿನ ಕಲ್ಲುಗಳು ಚನ್ನಗಿರಿಯವಕ್ಕಿಂತಲೂ ಉದ್ದ. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಜಗಳೂರಿನ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ವಿದ್ಯಾರ್ಥಿನಿಯ ಕ್ಷೇತ್ರಪುಸ್ತಕದ ಅಂಕಿಗಳನ್ನು ಒಂದು ಹಾಳೆಯ ಮೇಲೆ ಚುಕ್ಕಿ ಇಟ್ಟು ನೋಡಿದೆ. ನ್ಯಾಮತಿಯಲ್ಲಿ ಸಣ್ಣವು, ಹೊನ್ನಾಳಿಯಲ್ಲಿಯೂ ಸಣ್ಣವು, ಚನ್ನಗಿರಿಯಲ್ಲಿ ಒಮ್ಮೆಗೇ ಏರಿಕೆ, ಸೊಕ್ಕೆಯಲ್ಲಿ ಇನ್ನೂ ಮೇಲೆ. ಗೆರೆ ಪೂರ್ವಕ್ಕೆ ಹತ್ತುತ್ತಿತ್ತು. "ನೋಡಮ್ಮ, ನಮ್ಮ ಬೆಟ್ಟ" ಎಂದು ಗೆರೆಯ ತುದಿಯಲ್ಲಿ ಬೆರಳಿಟ್ಟೆ. ಅವಳು ನೋಡಿದಳು.

ವಿಭಾಗಕ್ಕೆ ಮರಳಿದ ಮೇಲೆ ಅವಳು ಅಂಕಿಗಳ ಪಟ್ಟಿಯನ್ನು ಟೈಪು ಮಾಡಿ ತಂದಳು. ತಾಣ, ಕಲ್ಲಿನ ಸಂಖ್ಯೆ, ಉದ್ದ, ಇವುಗಳ ಪಕ್ಕದಲ್ಲಿ ನಾನು ಹೇಳದೆ ಇದ್ದ ನಾಲ್ಕನೆಯ ಕಾಲಂ ಒಂದಿತ್ತು. 'ಅಳೆದ ಮುಖ' ಅಂತ ಅದರ ತಲೆಬರಹ. ನ್ಯಾಮತಿ, ಹೊನ್ನಾಳಿಯ ಸಾಲುಗಳಲ್ಲಿ 'ಹಾಸು'. ಚನ್ನಗಿರಿ, ಸೊಕ್ಕೆಯ ಸಾಲುಗಳಲ್ಲಿ 'ನೆಟ್ಟ ಗೋಡೆ'.

"ಇದೇನು ಹೊಸದು?" ಅಂದೆ.

"ಇರ್ಲಿ ಬಿಡ್ರಿ ಸರ್. ನೋಡೋರಿಗೆ ಗೊತ್ತಾಗ್ಲಿ."

"ಓದೋರ ತಲೆ ಕೆಡಿಸೋಕಾ? ಪಟ್ಟಿ ಚೊಕ್ಕವಾಗಿರಬೇಕು. ತೆಗಿ ಅದನ್ನ."

ಅವಳು ಪಟ್ಟಿ ಎತ್ತಿಕೊಂಡಳು. ನಾನು ಬೇರೆ ಫೈಲು ತೆರೆದೆ. ಸಂಜೆಯೊಳಗೆ ಹೊಸ ಪಟ್ಟಿ ಬಂತು, ಮೂರೇ ಕಾಲಂ.

ಫೆಬ್ರುವರಿಯಲ್ಲಿ ಅವಳ ಪ್ರಗತಿ ಪರಿಶೀಲನಾ ಸಭೆ. ನಾಲ್ಕು ಜನ ಹಿರಿಯರು, ನಡಾವಳಿ ಬರೆದುಕೊಳ್ಳುವ ಕಾರ್ಯದರ್ಶಿ, ನಾನು, ಎದುರಿಗೆ ಅವಳು. ಅವಳು ಗೆರೆ ತೋರಿಸಿದಳು. ಸದಸ್ಯರಲ್ಲಿ ಒಬ್ಬರು, ಕಡಿಮೆ ಮಾತಿನವರು, ಕನ್ನಡಕ ಮೂಗಿನ ತುದಿಗೆ ಎಳೆದುಕೊಂಡು ಕೇಳಿದರು: "ಹೊನ್ನಾಳಿಗೂ ಚನ್ನಗಿರಿಗೂ ನಡುವೆ ಹೀಗೆ ಒಮ್ಮೆಗೇ ಜಿಗಿಯೋದು ಯಾಕೆ? ನಿಧಾನವಾಗಿ ಏರಬೇಕಲ್ಲ?"

ಅವಳು ಬಾಯಿ ತೆರೆದಳು. ಅವಳು ಹೇಳುವುದಕ್ಕೆ ಮೊದಲು ನಾನು ಹೇಳಿದೆ. ಈ ಮಾತನ್ನು ಈಗ ಬರೆಯಲು ನನಗೆ ನಿಜಕ್ಕೂ ಕೈ ಬರುತ್ತಿಲ್ಲ. "ಪಶ್ಚಿಮದ ಅಳತೆಗಳು ಆರಂಭದಲ್ಲಿ ತೆಗೆದವು, ಸರ್. ಅವಳಿಗೆ ಆಗಿನ್ನೂ ಅನುಭವ ಇರಲಿಲ್ಲ. ದೊಡ್ಡ ಕಲ್ಲುಗಳನ್ನು ಆರಿಸೋದರಲ್ಲಿ ಕಣ್ತಪ್ಪು ಆಗಿದೆ. ಮತ್ತೆ ಮಾಡಿಸ್ತೀನಿ."

ಕಾರ್ಯದರ್ಶಿ ಬರೆದುಕೊಂಡರು. ನಡಾವಳಿಯಲ್ಲಿ ಅದು 'ವಿದ್ಯಾರ್ಥಿನಿಯ ಅನನುಭವದಿಂದ ಅಳತೆಗಳಲ್ಲಿ ದೋಷ. ಮರು ಅಳತೆ ಮಾಡತಕ್ಕದ್ದು' ಎಂದಾಯಿತು. ಅವಳ ಹೆಸರಿನ ಎದುರಿಗೆ. ಅವಳು ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, "ಆಯ್ತು ಸರ್" ಅಂದಳು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯಲ್ಲಿ ನೊಣ ಹುಡುಕಿದರು ಅನ್ನುತ್ತಾರಲ್ಲ, ನಾನು ನೊಣ ಹುಡುಕಿದ ಎಲೆಯಲ್ಲಿ ನೊಣವೂ ಇರಲಿಲ್ಲ. ಆದರೆ ಅಂದು ನನಗೆ ಅದು ಗೊತ್ತಿರಲಿಲ್ಲ. ಅಂದಿನ ಮಟ್ಟಿಗೆ ನಾನು ಬರೀ ಸೊಕ್ಕಿನವನು, ಸುಳ್ಳನಾಗಿರಲಿಲ್ಲ. ಅದಕ್ಕೆ ಇನ್ನೂ ಮೂರು ವಾರ ಇತ್ತು.

ಮಾರ್ಚಿನಲ್ಲಿ ಅವಳು ಮರು ಅಳತೆಗೆ ನ್ಯಾಮತಿ ಕಡೆ ಹೊರಟಳು. ಬಿಸಿಲು ಏರಿತ್ತು. ಮಧ್ಯಾಹ್ನ ಹಾಸುಬಂಡೆ ಹೆಂಚಿನಂತೆ ಕಾಯುತ್ತದೆ, ಆದ್ದರಿಂದ ಬೆಳಗ್ಗೆ ಬೇಗ ಹೋಗಿ ಹನ್ನೊಂದರೊಳಗೆ ಮುಗಿಸಬೇಕಿತ್ತು. ಈ ಕಡೆ ನಾನು ಒಂದು ಸಮ್ಮೇಳನದಲ್ಲಿ ತೋರಿಸಲು ಸೊಕ್ಕೆಯ ಬಂಡೆಯ ಒಂದು ತುಂಡನ್ನು, ಆ ನಿಂತ ಮುಖದಿಂದಲೇ ಒಡೆಸಿ ತಂದದ್ದನ್ನು, ನಮ್ಮ ಪ್ರಯೋಗಾಲಯದ ಕಲ್ಲು ಕೊಯ್ಯುವ ತಂತ್ರಜ್ಞರಿಗೆ ಕೊಟ್ಟೆ. "ಒಂದು ಹಲಗೆ ಕೊಯ್ದು, ಪಾಲಿಶ್ ಮಾಡಿ ಕೊಡಿ" ಅಂದೆ. ಯಾವ ದಿಕ್ಕಿಗೆ ಕೊಯ್ಯಬೇಕು ಎಂದು ಹೇಳಲಿಲ್ಲ.

ಎರಡು ದಿನ ಬಿಟ್ಟು ಅವರು ಹಲಗೆ ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ಇದ್ದದ್ದು ಗುಂಡನೆಯ ಸಣ್ಣ ಸಣ್ಣ ಕಲ್ಲುಗಳು.

"ಇದು ನನ್ನ ಕಲ್ಲಲ್ಲ" ಅಂದೆ.

"ನಿಮ್ದೇ ಸರ್."

"ಅದಲು ಬದಲು ಮಾಡಿದೀರಿ. ಇಪ್ಪತ್ತು ವರ್ಷದಿಂದ ಕಲ್ಲು ನೋಡ್ತಿದೀನಿ, ನನಗೆ ಗೊತ್ತಾಗಲ್ವಾ? ಇದು ಹೊನ್ನಾಳಿ ಕಡೆದು."

ಅವರು ಸಮಾಧಾನದ ಮನುಷ್ಯ. ಒಳಗೆ ಹೋಗಿ ಉಳಿದ ತುಂಡನ್ನು ಎತ್ತಿಕೊಂಡು ಬಂದರು. ಅದರ ಮೇಲೆ ನನ್ನದೇ ಕೈಬರಹದಲ್ಲಿ ತಾಣದ ಸಂಖ್ಯೆ ಇತ್ತು. ಹಲಗೆಯನ್ನು ಆ ತುಂಡಿನ ಮೇಲೆ ಡಬ್ಬಿಯ ಮುಚ್ಚಳದ ಹಾಗೆ ಕೂರಿಸಿದರು. ಅಂಚಿಗೆ ಅಂಚು ಸರಿಯಾಗಿ ಕೂತಿತು. ತುಂಡಿನ ನಿಂತ ಮುಖದಲ್ಲಿ ನನ್ನ ಉದ್ದುದ್ದನೆಯ ಕಲ್ಲುಗಳು. ಕೊಯ್ದ ಮೇಲ್ಮುಖದಲ್ಲಿ ಅವೇ ಕಲ್ಲುಗಳ ಗುಂಡನೆಯ ತಲೆಗಳು.

"ನಾನು ಅಡ್ಡ ಕೊಯ್ದೆ ಸರ್. ಸೌತೆಕಾಯಿ ಅಡ್ಡ ಹೆಚ್ಚಿದ್ರೆ ಬಿಲ್ಲೆನೇ ಅಲ್ವ್ರಾ ಬರೋದು? ಉದ್ದ ಬೇಕಿದ್ರೆ ಹೇಳ್ಬೇಕಿತ್ತು, ಉದ್ದಕ್ಕೇ ಸೀಳ್ತಿದ್ದೆ" ಅಂದರು.

ನನಗೆ ಎಲ್ಲವೂ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಅರ್ಥವಾಗಲು ಕಷ್ಟವೇನಿತ್ತು? ಪ್ರತಿ ವರ್ಷ ಎರಡನೆಯ ವರ್ಷದ ಮಕ್ಕಳಿಗೆ ನಾನೇ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವ ಪಾಠ ಅದು. ಬೆಟ್ಟ ಎಬ್ಬಿಸಿ ಕಲ್ಲುಗಳನ್ನು ದಂಡೆಗೆ ತಂದು ಸುರಿದ ಮೇಲೂ ಭೂಮಿ ಸುಮ್ಮನಿರುವುದಿಲ್ಲ. ಮುಂದೆ ಯಾವಾಗಲೋ ಎರಡೂ ಕಡೆಯಿಂದ ಅಮುಕುತ್ತದೆ. ಆಗ ಬಂಡೆಯೊಳಗಿನ ಗುಂಡುಕಲ್ಲುಗಳು ಮೇಲಕ್ಕೂ ಕೆಳಕ್ಕೂ ಎಳೆದುಕೊಂಡು ಉದ್ದವಾಗುತ್ತವೆ. ಮೇಲಿನಿಂದ ನೋಡಿದರೆ ಅವುಗಳ ತಲೆ ಮಾತ್ರ ಕಾಣುತ್ತದೆ, ಗುಂಡಗೆ. ಪಕ್ಕದಿಂದ ನೋಡಿದರೆ ಮೈಯೆಲ್ಲ ಕಾಣುತ್ತದೆ, ಉದ್ದಕ್ಕೆ. ಅವಳು ಮಂಡಿಯೂರಿ ಮೇಲಿನಿಂದ ಅಳೆದಿದ್ದಳು. ನಾನು ಮಂಡಿ ಬಗ್ಗದೆ ಪಕ್ಕದಿಂದ ಅಳೆದಿದ್ದೆ. ಹೊನ್ನಾಳಿಗೂ ಚನ್ನಗಿರಿಗೂ ನಡುವೆ ಜಿಗಿದದ್ದು ಕಲ್ಲಿನ ಗಾತ್ರವಲ್ಲ, ಅಳೆಯುವ ಮನುಷ್ಯ ಬದಲಾಗಿದ್ದ ಅಷ್ಟೆ. ಜಗಳೂರಿನ ಆಚೆಗಿನ ನನ್ನ ಬೆಟ್ಟ ನನ್ನ ಎಡಮಂಡಿಯಿಂದ ಎದ್ದದ್ದು.

ಅಂದೇ ಅವಳಿಗೆ ಫೋನು ಮಾಡಿ 'ವಾಪಸು ಬಾ' ಅನ್ನಬೇಕಿತ್ತು. ಮಾಡಲಿಲ್ಲ. ಹಲಗೆಯನ್ನೂ ತುಂಡನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ತಂತ್ರಜ್ಞರಿಗೆ, "ಇದನ್ನ ಯಾರಿಗೂ ಹೇಳೋದು ಬೇಡ, ನಾನು ನೋಡ್ಕೋತೀನಿ" ಅಂದೆ. ಅವರು ತಲೆಯಾಡಿಸಿ ಹೋದರು, ಆದರೆ ಹೋಗುವಾಗ ನನ್ನ ಮುಖ ನೋಡಲಿಲ್ಲ.

ಹನ್ನೊಂದು ದಿನ ಅದು ಬೀರುವಿನಲ್ಲೇ ಇತ್ತು. ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ. ಮೊದಲ ಎರಡು ದಿನ ಸಮರ್ಥನೆ ಹುಡುಕಿದೆ: ಬಹುಶಃ ಸೊಕ್ಕೆಯಲ್ಲಿ ಮಾತ್ರ ಹೀಗೆ, ಚನ್ನಗಿರಿ ಸರಿಯಿರಬಹುದು. ಆಮೇಲೆ ಭಾಷಣಗಳು ನೆನಪಾದವು, ಸಮ್ಮೇಳನದ ಸಾರಾಂಶ ಕಳಿಸಿಯಾಗಿದ್ದು ನೆನಪಾಯಿತು. ನಡಾವಳಿಯ ಆ ಸಾಲು ನೆನಪಾದಾಗ ಎದ್ದು ಹೋಗಿ ಬೇರೆ ಕೆಲಸ ಮಾಡುತ್ತಿದ್ದೆ. ಆ ಹನ್ನೊಂದು ದಿನವೂ ಅವಳು ಕಾಲೇಜಿಗೆ ರಜೆ ಹಾಕಿ, ಬೆಳಗಿನ ಬಸ್ಸಿಗೆ ಹೋಗಿ, ತಪ್ಪೇ ಇಲ್ಲದ ಅಳತೆಗಳನ್ನು ಮತ್ತೆ ಅಳೆಯುತ್ತಿದ್ದಳು ಎನ್ನುವುದು ನನಗೆ ಗೊತ್ತಿತ್ತು. ದಿನಾ ಗೊತ್ತಿತ್ತು. ಬೇರೆ ಎಲ್ಲದಕ್ಕೂ ಏನಾದರೂ ಸಬೂಬು ಹೇಳಬಲ್ಲೆ. ಇದಕ್ಕೆ ಇಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ಹೊನ್ನಾಳಿಯಿಂದ ಅವಳ ಫೋನು ಬಂತು.

"ಸರ್, ಎಲ್ಲಾ ತಾಣನೂ ಮುಗೀತು. ಆದ್ರೆ ಅಳತೆ ಮೊದ್ಲು ಬಂದಷ್ಟೇ ಬರ್ತೈತೆ ಸರ್."

"ಹೂಂ" ಅಂದೆ.

"ಒಂದು ಮಿಲಿಮೀಟ್ರು ಎರಡು ಮಿಲಿಮೀಟ್ರು ಅಷ್ಟೇ ವ್ಯತ್ಯಾಸ. ನಾನೇ ದೊಡ್ಡ ಕಲ್ಲು ಬಿಟ್ಟು ಸಣ್ಣವು ಆರಿಸ್ತೀನೇನೋ ಅಂತ ಅನುಮಾನ ಬಂತು. ಅದಕ್ಕೇ ಮೊನ್ನೆ ಕಣ್ಣಿನ ಡಾಕ್ಟ್ರ ಹತ್ರ ತೋರಿಸ್ಕಂಡು ಬಂದೆ ಸರ್."

"ಏನಂದ್ರು?"

"ಏನೂ ಇಲ್ಲ ಅಂದ್ರು. ಆದ್ರೂ ನಾನೇ ಒತ್ತಾಯ ಮಾಡಿ ಒಂದು ಕನ್ನಡಕ ಮಾಡಿಸ್ಕಂಡೆ. ಅದನ್ನ ಹಾಕ್ಕಂಡು ನಾಳೆ ಇನ್ನೊಂದ್ಸಲ ನೋಡ್ತೀನಿ. ಬೇಜಾರ್ ಮಾಡ್ಕಬ್ಯಾಡ್ರಿ ಸರ್."

ನನಗೆ ಆ ಕ್ಷಣ ಆದ ನಾಚಿಕೆ ಎಂಥದು ಎಂದು ಹೇಳಲಾರೆ. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಎದ್ದು ಬಾಗಿಲು ಹಾಕಿದೆ. ನೆಟ್ಟಗಿರುವ ಕಣ್ಣಿಗೆ ಕನ್ನಡಕ ಹಾಕಿಸಿದ್ದೆ ನಾನು.

"ನಾಳೆ ಹೊನ್ನಾಳಿ ಬೇಡ. ಜೀಪು ತಗೊಂಡು ಸೊಕ್ಕೆಗೆ ಬಾ. ನಾನೂ ಬರ್ತೀನಿ" ಅಂದೆ.

ಸೊಕ್ಕೆಯಲ್ಲಿ ಹಾಸುಬಂಡೆ ಗುಡಿಸಿದಷ್ಟು ಚೊಕ್ಕಟವಾಗಿತ್ತು. ಹೊಲದ ಹೆಂಗಸು ಬದುವಿನ ಮೇಲೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಬಂಡೆಯ ಮೇಲೆ ಅಳೆಯಬಹುದೇ ಎಂದು ಕೇಳಿದೆ.

"ಅಳೀರಿ, ಅದಕ್ಕೇನು. ಆವತ್ತೂ ಇದರ ಮ್ಯಾಲೇ ಅಳೆಯೋದಿತ್ತಾ?" ಅಂದಳು.

"ಹೌದು ತಾಯಿ. ಆವತ್ತು ನಿಮ್ಮ ಜೋಳ ಇತ್ತಲ್ಲ."

"ಅಯ್ಯ, ಜೋಳ ಏನು, ನಾಕು ಪುಟ್ಟಿ! ಕೇಳಿದ್ರೆ ಒಂದು ಮಗ್ಗಲಿಗೆ ಎಳೀತಿದ್ದೆ. ನೀವು ಕೇಳ್ಲೇ ಇಲ್ಲಲ್ರೀ" ಅಂದಳು. ತಪ್ಪು ಎತ್ತಿ ಆಡುವ ಧ್ವನಿಯಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಮರಿಗಳ ಕಡೆ ತಿರುಗಿದಳು.

ವಿದ್ಯಾರ್ಥಿನಿ ಹೊಸ ಕನ್ನಡಕ ಹಾಕಿಕೊಂಡೇ ಬಂದಿದ್ದಳು. ನಾನು ಚೀಲದಿಂದ ಹಲಗೆಯನ್ನೂ ತುಂಡನ್ನೂ ತೆಗೆದು, ಪತ್ರಿಕೆ ಬಿಚ್ಚಿ, ಒಂದರ ಮೇಲೊಂದು ಇಟ್ಟು ತೋರಿಸಿದೆ. ಒಂದು ನಿಮಿಷ ನೋಡಿದಳು. ಹಲಗೆಯನ್ನು ಎತ್ತಿ, ಮತ್ತೆ ಕೂರಿಸಿದಳು.

"ಇದು ಯಾವಾಗ ಕೊಯ್ಸಿದ್ದು ಸರ್?"

ಇಲ್ಲಿ ಸುಳ್ಳು ಹೇಳುವುದು ಬಹಳ ಸುಲಭವಿತ್ತು. 'ನಿನ್ನೆ' ಅಂದಿದ್ದರೆ ಮುಗಿಯುತ್ತಿತ್ತು. "ಹದಿಮೂರು ದಿನ ಆಯ್ತು. ನನಗೆ ಗೊತ್ತಿದ್ದೂ ನಿನ್ನನ್ನ ಅಲ್ಲಿ ಬಿಸಿಲಲ್ಲಿ ಬಿಟ್ಟಿದ್ದೆ" ಅಂದೆ. ಅವಳು ದೂರದಲ್ಲಿ ನಿಂತಿದ್ದ ಜೀಪಿನ ಕಡೆ ನೋಡಿದಳು. ನಾನು ಮುಂದುವರಿಸಿದೆ: "ಇನ್ನೊಂದು ವಿಷಯ. ನನ್ನ ಎಡಮಂಡಿ ಬಗ್ಗಲ್ಲ. ಎರಡು ವರ್ಷ ಆಯ್ತು. ಕೂರೋಕಾಗಲ್ಲ ಅಂತಲೇ ನಾನು ಎಲ್ಲಾ ಕಡೆ ಗೋಡೆ ಅಳೆದದ್ದು. ಶಾಸ್ತ್ರಗೀಸ್ತ್ರ ಏನೂ ಅಲ್ಲ."

"ಗೊತ್ತು ಸರ್" ಅಂದಳು.

"ಏನು ಗೊತ್ತು?"

"ಮಂಡಿದು. ಮೊದ್ಲು ನ್ಯಾಮತಿಗೆ ಬಂದಿದ್ರಲ್ಲ, ಜೀಪಿಂದ ಇಳಿಯಾಕೆ ಎಷ್ಟು ಹೊತ್ತು ಮಾಡಿದ್ರಿ. ಆವತ್ತೇ ಗೊತ್ತಾತು. ಡ್ರೈವರಿಗೂ ಗೊತ್ತೈತೆ."

"ಮತ್ತೆ ಹೇಳಬಾರದಿತ್ತೇನಮ್ಮ?"

"ಗೈಡಿಗೆ ಹೆಂಗೆ ಹೇಳ್ಲಿ ಸರ್, 'ನಿಮ್ಗೆ ಕೂರಾಕೆ ಆಗಲ್ಲ, ಅದಕ್ಕೇ ನಿಮ್ಮ ಅಳತೆ ಹಿಂಗೆ' ಅಂತ? ಬಾಯಿ ಬರ್ಲಿಲ್ಲ. ಅದಕ್ಕೇ ಆ ಕಾಲಂ ಹಾಕಿದ್ದೆ."

ಆಮೇಲೆ ನಾವಿಬ್ಬರೂ ಕೆಲಸ ಮಾಡಿದೆವು. ಅವಳು ಗೋಣಿಚೀಲ ಮಡಿಸಿ ಹಾಕಿಕೊಂಡು ಮಂಡಿಯೂರಿದಳು. ಕನ್ನಡಕ ತೆಗೆದು ಚೀಲದಲ್ಲಿಟ್ಟಳು. ಹಗ್ಗ ಹಿಡಿದು ಚೌಕ ಮಾಡಿ, ಹತ್ತು ಕಲ್ಲು ಆರಿಸಿ ಸಂಖ್ಯೆ ಹಾಕಿದಳು. ನಾನು ಪುಸ್ತಕ ಹಿಡಿದು ಬರೆದುಕೊಂಡೆ. ಹಾಸಿನ ಮೇಲೆ ಸೊಕ್ಕೆಯ ಕಲ್ಲುಗಳು ನ್ಯಾಮತಿಯ ಕಲ್ಲುಗಳಷ್ಟೇ ಸಣ್ಣವು. ಬಳಿಕ ಅವಳು ನಿಂತ ಮುಖವನ್ನೂ ಅಳೆದಳು. ಅದು ನನ್ನ ಹಳೆಯ ಅಂಕಿಗೆ ಸರಿಹೊಂದಿತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಭೂಮಿ ಆ ಕಲ್ಲುಗಳನ್ನು ಎಷ್ಟು ಎಳೆದಿದೆ ಎನ್ನುವುದು ತಾನಾಗಿಯೇ ಸಿಗುತ್ತಿತ್ತು. ಅಂದರೆ ಅಧ್ಯಾಯ ಸಾಯಲಿಲ್ಲ, ಬೇರೆ ಅಧ್ಯಾಯವಾಯಿತು. ದಂಡೆಯ ಪೂರ್ವಕ್ಕೆ ಬೆಟ್ಟವಿತ್ತು ಎನ್ನಲು ನಮ್ಮಲ್ಲಿ ಆಧಾರವಿಲ್ಲ, ಆದರೆ ಆ ಇಡೀ ದಂಡೆಯನ್ನು ಮುಂದೆ ಭೂಮಿ ಹೇಗೆ ಹಿಂಡಿತು ಎನ್ನಲು ಆಧಾರವಿದೆ. ಎಲ್ಲ ತಾಣಗಳಲ್ಲೂ ಎರಡೂ ಮುಖ ಅಳೆಯಬೇಕಿತ್ತು, ಅಷ್ಟೆ. ಡಿಸೆಂಬರಿಗೆ ಎಂಟು ತಿಂಗಳು ಉಳಿದಿತ್ತು.

ಏಪ್ರಿಲಿನಲ್ಲಿ ಮತ್ತೆ ಸಭೆ ಕರೆಸಿದೆ. ಅದೇ ಹಿರಿಯರು, ಅದೇ ಕಾರ್ಯದರ್ಶಿ. ಅವಳು ಹೊಸ ಪಟ್ಟಿಯನ್ನು ತೋರಿಸಿದಳು, ನಾಲ್ಕು ಕಾಲಂ. ಹಿಂದಿನ ಸಲ ಪ್ರಶ್ನೆ ಕೇಳಿದ್ದ ಸದಸ್ಯರು ತಲೆದೂಗಿ, "ಈಗ ಸರಿಯಾಯ್ತು. ಅಳತೆ ಪರಿಷ್ಕರಿಸಲಾಗಿದೆ ಅಂತ ಬರ್ಕೊಳ್ಳಿ" ಅಂದರು. ಕಾರ್ಯದರ್ಶಿ ಬರೆದುಕೊಂಡರು. ಎಲ್ಲರೂ ಏಳುವುದರಲ್ಲಿದ್ದರು. ಅಲ್ಲಿಗೇ ಬಿಟ್ಟಿದ್ದರೆ ನನಗೆ ಯಾವ ನಷ್ಟವೂ ಇರಲಿಲ್ಲ. ಫೆಬ್ರುವರಿಯ ಸಾಲು ಮಾತ್ರ ಅವಳ ಹೆಸರ ಮುಂದೆ ಹಾಗೇ ಉಳಿಯುತ್ತಿತ್ತು.

"ಹಿಂದಿನ ನಡಾವಳಿ ತಿದ್ದಬೇಕು. ಅವಳ ಅಳತೆಯಲ್ಲಿ ದೋಷ ಇರಲಿಲ್ಲ. ದೋಷ ಇದ್ದದ್ದು ನನ್ನ ಅಳತೆಯಲ್ಲಿ" ಅಂದೆ.

"ಅದೆಲ್ಲ ಯಾಕೆ ಬಿಡಿ, ಮುಗಿದ ಮಾತು" ಅಂದರು ಅಧ್ಯಕ್ಷರು.

"ಇಲ್ಲ ಸರ್, ಬರೀಬೇಕು."

ಕಾರ್ಯದರ್ಶಿ ಪೆನ್ನು ಎತ್ತಿದರು. "ದೋಷಕ್ಕೆ ಕಾರಣ ಏನು ಅಂತ ಬರೀಲಿ ಸರ್?"

"ಮಾರ್ಗದರ್ಶಕರಿಗೆ ಮಂಡಿ ಬಗ್ಗುವುದಿಲ್ಲ, ಅದನ್ನು ಅವರು ಮುಚ್ಚಿಟ್ಟರು ಅಂತ ಬರೀರಿ."

ಎಲ್ಲರೂ ನಕ್ಕರು, ತಮಾಷೆ ಮಾಡಿದೆ ಅಂದುಕೊಂಡು. ಅವಳೊಬ್ಬಳು ನಗಲಿಲ್ಲ. ನಡಾವಳಿಯಲ್ಲಿ ಕಡೆಗೆ 'ಮಾರ್ಗದರ್ಶಕರ ಅಳತೆಯ ದೋಷದಿಂದ' ಎಂದಷ್ಟೇ ಬಂತು. ಅದರ ಪ್ರತಿಯನ್ನು ಅವಳ ಕೈಗೆ ಕೊಟ್ಟಾಗ ಪೂರ್ತಿ ಓದಿ, ಮಡಚಿ, ಕ್ಷೇತ್ರಪುಸ್ತಕದೊಳಗೆ ಇಟ್ಟುಕೊಂಡಳು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ಎಂದು ಇಂದಿಗೂ ನನಗೆ ತಿಳಿಯದು. ಕೇಳುವ ಮುಖ ನನಗಿಲ್ಲ.

ಪ್ರಬಂಧ ಗಡುವಿಗೆ ಒಂದು ವಾರ ಮುಂಚೆ ಸಲ್ಲಿಕೆಯಾಯಿತು. ಆದರೆ ನಾನು ಹೇಳಬೇಕಾದ ಕಡೆಯ ಮಾತು ಅದಕ್ಕೂ ಮುಂಚಿನ ಜೂನ್ ತಿಂಗಳ ಒಂದು ಬೆಳಗಿನದು. ಚನ್ನಗಿರಿಯ ಕಾಲುವೆಗೆ ನೀರು ನಿಲ್ಲಿಸಿದ್ದರು, ತಳದ ಬಂಡೆ ತೆರೆದುಕೊಂಡಿತ್ತು. ದಂಡೆಯ ಮೇಲಿನ ಹಾಸನ್ನು ಮೊದಲೇ ಅಳೆದಾಗಿತ್ತು, ಉಳಿದದ್ದು ಈ ತಳವೊಂದೇ. ನಾವು ಹೋಗುವಷ್ಟರಲ್ಲಿ ಡ್ರೈವರ್ ಪಕ್ಕದ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಕಾಲುವೆಯ ದಂಡೆಯ ಮೇಲೆ ಹಾಕಿದ್ದ.

"ಯಾರು ಹೇಳಿದ್ದು ಇದನ್ನ?" ಅಂದೆ.

"ಮೇಡಮ್ಮೋರು ಹೇಳಿದ್ರು. ಕುಂದರ್ರಿ ಸಾರ್, ಎಷ್ಟು ದಿನ ಅಂತ ನಿಲ್ತೀರಿ" ಅಂದ.

ಅವಳು ಆಗಲೇ ಗೋಣಿಚೀಲ ಹಿಡಿದು ತಳಕ್ಕೆ ಇಳಿಯುತ್ತಿದ್ದಳು. ಕುರ್ಚಿಯಲ್ಲಿ ಕೂತು, ಎಡಗಾಲನ್ನು ಉದ್ದಕ್ಕೆ ಚಾಚಿ, ತೊಡೆಯ ಮೇಲೆ ಪುಸ್ತಕ ಬಿಚ್ಚಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಕೆಳಗಿನಿಂದ ಅವಳು ಒಂದೊಂದೇ ಅಳತೆ ಕೂಗಿದಳು, ನಾನು ಬರೆದುಕೊಂಡೆ. ಹತ್ತನೆಯ ಕಲ್ಲು ಮುಗಿದ ಮೇಲೆ ಅವಳು ತಲೆಯೆತ್ತಿ ಕೂಗಿದಳು:

"ಸರ್, ಯಾವ ಮುಖ ಅಂತ ಬರ್ಕಂಡ್ರಾ?"

"ಬರ್ಕೊಂಡೆ" ಅಂದೆ.

ಬರೆದಿರಲಿಲ್ಲ. ಆ ಕಾಲಂ ಹತ್ತು ಸಾಲಿಗೂ ಖಾಲಿಯಿತ್ತು. ಅವಳು ಟೇಪು ಸುತ್ತಿಕೊಂಡು ಎದ್ದು, ಮಂಡಿಯ ಮಣ್ಣು ಕೊಡವಿಕೊಳ್ಳುತ್ತಿದ್ದಳು.

"ಇಲ್ಲಮ್ಮ, ಬರೆದಿರಲಿಲ್ಲ. ಸುಳ್ಳು ಹೇಳಿದೆ" ಎಂದು ದಂಡೆಯ ಮೇಲಿನಿಂದ, ನಿಂತಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದೆ. "ಈಗ ಬರೀತಿದೀನಿ, ತಡಿ."

ಅವಳು ತಳದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತು, ನಾನು ಹತ್ತೂ ಸಾಲಿಗೆ 'ಹಾಸು' ಎಂದು ಬರೆದು ಮುಗಿಸುವವರೆಗೆ ಕಾದಳು.